ಆರು ಸಲ ತಿಂದ್ರೆ ತೂಕ ಇಳಿಯುತ್ತಾ?

ಪ್ರಶ್ನೆ: ಅಕ್ಕಾ ನಮಸ್ಕಾರ. ನಂಗೆ 41 ವರ್ಷ, ಡೊಂಬಿವ್ಲಿಯಲ್ಲಿ ಮನೆ, ಮುಂಬೈನ ಫೋರ್ಟ್‌ನಲ್ಲಿ ಆಫೀಸು. ಬೆಳಿಗ್ಗೆ ಏಳೂವರೆಗೆ ಹೊರಟ್ರೆ ವಾಪಸ್ ಬರೋದು ರಾತ್ರಿ ಎಂಟಕ್ಕೆ. ಜಿಮ್ಮಿನ ಟ್ರೇನರ್ ಒಬ್ರು ಎರಡೆರಡು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ ತಿನ್ನಿ, ಮೆಟಬಾಲಿಸಂ (ದೇಹ ಶಕ್ತಿ ಖರ್ಚು ಮಾಡೋ ವೇಗ) ಚುರುಕಾಗುತ್ತೆ, ಹಸಿವೂ ಕಂಟ್ರೋಲ್‌ಗೆ ಬರುತ್ತೆ ಅಂದ್ರು. ಮೂರು ತಿಂಗಳಿಂದ ಹಂಗೇ ಮಾಡ್ತಿದ್ದೀನಿ. ಹನ್ನೊಂದಕ್ಕೆ ಚಹಾ, ನಾಲ್ಕು ಮಾರಿ ಬಿಸ್ಕತ್ತು, ಒಂದೂವರೆಗೆ ಡಬ್ಬಿ ಊಟ, ನಾಲ್ಕಕ್ಕೆ ಖಾರಿ ಬಿಸ್ಕತ್ತು-ಚಹಾ, ಆರಕ್ಕೆ ಒಂದು ಮುಷ್ಟಿ ಶೇಂಗಾ, ರಾತ್ರಿ ಊಟ ಇದ್ದೇ ಇದೆ. ತೂಕ ಇಳಿಯೋದಿರ್ಲಿ, 2 ಕೆಜಿ ಏರಿದೆ! ಮನೆಯವರು ನಗ್ತಿದ್ದಾರೆ. ಎಲ್ಲಿ ತಪ್ಪಾಯ್ತು?
– ಓದುಗರು, ಡೊಂಬಿವ್ಲಿ

ಉತ್ತರ: ಮೊದ್ಲು ಮನೆಯವರಿಗೆ ನಗೋದು ನಿಲ್ಸೋಕೆ ಹೇಳಿ. ನಾನೂ ಇದೇ ಮಾತು ನಂಬಿ ಒಂದು ಕಾಲಕ್ಕೆ ಬ್ಯಾಗಲ್ಲಿ ಮೂರು ಡಬ್ಬಿ ಇಟ್ಕೊಂಡು ಲೋಕಲ್ ಹತ್ತಿದೋಳೇ.

ಈ ಮೆಟಬಾಲಿಸಂ ಮಾತು ಹುಟ್ಟಿದ್ದು ಎಲ್ಲಿಂದ ಅಂದ್ರೆ, ತಿಂದದ್ದನ್ನ ಅರಗಿಸೋಕೂ ದೇಹ ಒಂದಿಷ್ಟು ಶಕ್ತಿ ಖರ್ಚು ಮಾಡುತ್ತೆ, ತಿಂದ ಕ್ಯಾಲೊರಿಯ ಸುಮಾರು 10 ಪರ್ಸೆಂಟು. ಹಂಗಾದ್ರೆ ಹೆಚ್ಚು ಸಲ ತಿಂದ್ರೆ ಹೆಚ್ಚು ಖರ್ಚು ಅಲ್ವಾ ಅನ್ಸುತ್ತೆ. ಆದ್ರೆ ನೀವೇ ಲೆಕ್ಕ ಹಾಕಿ, 600 ಕ್ಯಾಲೊರಿಯ ಮೂರು ಊಟ ಆದ್ರೆ 60ರಂತೆ 180 ಖರ್ಚು, 300ರ ಆರು ಊಟ ಆದ್ರೆ 30ರಂತೆ ಅದೇ 180. 2010ರಲ್ಲಿ ಕೆನಡಾದಲ್ಲಿ ಎಂಟು ವಾರ ಪರೀಕ್ಷೆ ಮಾಡಿ ನೋಡಿದ್ರು, ಒಟ್ಟು ಕ್ಯಾಲೊರಿ ಒಂದೇ ಇದ್ದಾಗ ಮೂರು ಸಲ ತಿಂದವ್ರಿಗೂ ಆರು ಸಲ ತಿಂದವ್ರಿಗೂ ತೂಕ ಇಳಿದಿದ್ದರಲ್ಲಿ ವ್ಯತ್ಯಾಸ ಕಾಣ್ಲಿಲ್ಲ. ಇನ್ನೂ ಮಜಾ ಅಂದ್ರೆ 2013ರ ಒಂದು ಅಮೆರಿಕನ್ ಅಧ್ಯಯನದಲ್ಲಿ ಆರು ಸಲ ತಿಂದವ್ರೇ ಜಾಸ್ತಿ ಹಸಿವು ಅಂದ್ರು.

ಅದ್ಯಾಕೆ ಅಂತೀರಾ? ಒಂದು ಕಾರಣ ಇದಿರಬಹುದು. ಹಸಿವು ಹುಟ್ಸೋ ಗ್ರೆಲಿನ್ ಅನ್ನೋ ಹಾರ್ಮೋನು ನಾವು ದಿನಾ ಊಟ ಮಾಡೋ ಹೊತ್ತಿಗೆ ಸ್ವಲ್ಪ ಮುಂಚೆನೇ ಏರುತ್ತೆ. ಹನ್ನೊಂದಕ್ಕೆ ಬಿಸ್ಕತ್ತು ರೂಢಿ ಮಾಡ್ಸಿದ್ರೆ ಹೊಟ್ಟೆ ಹನ್ನೊಂದಕ್ಕೇ ಬಿಸ್ಕತ್ತು ಕೇಳುತ್ತೆ.

ಈಗ ನಿಮ್ಮ ವಿಷಯಕ್ಕೆ ಬರ್ತೀನಿ. ನಾಲ್ಕು ಮಾರಿ ಅಂದ್ರೆ ಹತ್ತಿರತ್ತಿರ 100 ಕ್ಯಾಲೊರಿ, ಒಂದು ಮುಷ್ಟಿ ಅಂದ್ರೆ 30 ಗ್ರಾಂ ಶೇಂಗಾ 170, ಚಹಾಕ್ಕೆ ಎರಡೆರಡು ಚಮಚ ಸಕ್ಕರೆ ಹಾಕ್ತೀರಾದ್ರೆ ಎರಡು ಚಹಾದ ಸಕ್ಕರೆನೇ 70-80. ಖಾರಿ ಸೇರಿಸ್ದೇನೇ 350 ಆಯ್ತು, ಆ ಖಾರಿ ಪದರ ಪದರವಾಗಿ ಬಿಡೋದೇ ಮೈದಾ ಮಧ್ಯೆ ಇರೋ ಕೊಬ್ಬಿನಿಂದ. ಡಬ್ಬಿಯಲ್ಲಿ ಮೊದ್ಲು ಮೂರು ಚಪಾತಿ ಇದ್ರೆ ಈಗ್ಲೂ ಮೂರೇ ಇದೆ ಅಂತ ನನ್ನ ಅಂದಾಜು. "ಸ್ವಲ್ಪ ಸ್ವಲ್ಪ" ಅನ್ನೋದು ನಮ್ಮಲ್ಲಿ ಊಟದ ಬದ್ಲಿಗೆ ಬರಲ್ಲ, ಊಟದ ಜೊತೆಗೆ ಬಂದು ಸೇರ್ಕೊಳ್ಳುತ್ತೆ.

ಹಂಗಂತ ಎಲ್ಲಾ ಬಿಟ್ಬಿಡಿ ಅನ್ನಲ್ಲ. ಆರು ಗಂಟೆದು ಇಟ್ಕೊಳ್ಳಿ. ಅದಿಲ್ದೆ ಏನಾಗುತ್ತೆ ಅಂತ ನಂಗೊತ್ತು, ಒಂದೂವರೆ ಗಂಟೆ ನಿಂತ್ಕೊಂಡೇ ಬಂದು ಸ್ಟೇಷನ್ ಮೆಟ್ಟಿಲಿಳಿಯೋ ಹೊತ್ತಿಗೆ ವಡಾಪಾವ್ ಎಣ್ಣೆ ವಾಸನೆ, ಅದನ್ನ ದಾಟಿ ಬಂದ್ರೂ ಮನೇಲಿ ಕುಕ್ಕರ್ ಕೂಗೋವರೆಗೆ ಚೂಡಾ ಡಬ್ಬಿಗೆ ಕೈ. ಶೇಂಗಾ ಬದ್ಲು ಹುರಿಗಡಲೆ ಆದ್ರೆ ಎಣ್ಣೆ ಅಂಶ ಕಡಿಮೆ, ಪ್ರೋಟೀನೂ ಸಿಗುತ್ತೆ. ಹನ್ನೊಂದರ ಬಿಸ್ಕತ್ತು, ನಾಲ್ಕರ ಖಾರಿ ತೆಗೀರಿ. ಮಧ್ಯಾಹ್ನದ ಡಬ್ಬಿ ಮಾತ್ರ ಗಟ್ಟಿಯಾಗ್ಲಿ, ಮೊಳಕೆ ಕಾಳಿನ ಪಲ್ಯನೋ ದಪ್ಪ ಬೇಳೆನೋ ಮೊಸರೋ ಇದ್ರೆ ನಾಲ್ಕಕ್ಕೆ ಅಷ್ಟು ಹಸಿವಾಗಲ್ಲ. ಹದಿನೈದು ದಿನ ತಡ್ಕೊಳ್ಳಿ, ಹೊಸ ಟೈಮಿಗೆ ಹೊಟ್ಟೆ ಒಗ್ಗೋಕೆ ಒಂದಿಷ್ಟು ದಿನ ಬೇಕು.

ಶುಗರ್ ಇದ್ದು ಇನ್ಸುಲಿನ್ನೋ ಮಾತ್ರೆನೋ ತಗೋತಿದ್ರೆ ಮಾತ್ರ ನನ್ನ ಮಾತು ಕೇಳ್ಕೊಂಡು ಏನೂ ಬಿಡ್ಬೇಡಿ, ಶುಗರ್ ಇಳಿದುಬಿಡಬಹುದು, ಡಾಕ್ಟರನ್ನ ಕೇಳಿ. ಬಸುರಿಯರಿಗೆ, ಎದೆಯುರಿ ಇರೋರಿಗೆ ಸ್ವಲ್ಪ ಸ್ವಲ್ಪ ತಿನ್ನೋದೇ ಹಿತ, ಅದು ಬೇರೆ ವಿಷಯ.

ಚಹಾ ಬಿಡಿ ಅಂತ ನಾನಂತೂ ಹೇಳಲ್ಲ, ಆಫೀಸಲ್ಲಿ ಬದುಕೋದು ಹೆಂಗೆ! ಈ ವಾರ ಒಂದು ಚಮಚ ಸಕ್ಕರೆ, ಮುಂದಿನ ವಾರ ಅರ್ಧ.