ಒಡೆದ ಸದ್ದಿನ ಗಿಟಾರ್

ಪ್ರಶ್ನೆ: 1951ರ ‘ರಾಕೆಟ್ 88’ ಹಾಡಿನಲ್ಲಿ ಗಿಟಾರ್ ಸದ್ದು ಒಡಕೊಡಕಾಗಿ ಕೇಳಿಸುತ್ತದೆ. ರೆಕಾರ್ಡು ಸವೆದಿರಬಹುದೇ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಇಲ್ಲ, ನಿಮ್ಮ ರೆಕಾರ್ಡು ಸರಿಯಾಗಿಯೇ ಇದೆ. ಈ ಹಾಡು ನುಡಿಸಿದ ಅಮೆರಿಕದ ಐಕ್ ಟರ್ನರ್ ತಂಡ ಮಿಸಿಸಿಪ್ಪಿಯಿಂದ ಮೆಂಫಿಸ್‌ನ ಸ್ಯಾಮ್ ಫಿಲಿಪ್ಸ್ ಸ್ಟುಡಿಯೋಗೆ ಬರುವಾಗ ಗಿಟಾರ್ ವಾದಕ ವಿಲ್ಲಿ ಕಿಜಾರ್ಟ್‌ನ ಆಂಪ್ಲಿಫೈಯರ್ ಪೆಟ್ಟು ತಿಂದಿತ್ತು. ಸ್ಪೀಕರಿನ ಕೋನ್ (ಅದುರಿ ಸದ್ದು ಹೊರಡಿಸುವ ಭಾಗ) ಹರಿದಿದ್ದ ಕಡೆ ಕಾಗದ ತುರುಕಿ ನುಡಿಸಿದರು. ಆ ಗೊರಗೊರ ಸದ್ದು ಫಿಲಿಪ್ಸ್‌ಗೆ ಹಿಡಿಸಿತು. ಅದನ್ನು ಮರೆಮಾಚುವ ಬದಲು ಮುಂದಕ್ಕೆ ತಂದರು. ಎಂಥ ಒಳ್ಳೆಯ ಕಿವಿ!

ಹಾಡನ್ನು ಷಿಕಾಗೋದ ಚೆಸ್ ಕಂಪನಿ ಹೊರತಂದಿತು. ಆ ವರ್ಷವೇ ಅಮೆರಿಕದ ಕಪ್ಪು ಜನರ ಜನಪ್ರಿಯ ಸಂಗೀತವಾದ ರಿದಮ್ ಅಂಡ್ ಬ್ಲೂಸ್‌ನ ಜನಪ್ರಿಯತೆಯ ಪಟ್ಟಿಯ ತುದಿಗೇರಿತು. ಆದರೆ ಲೇಬಲ್ಲಿನ ಮೇಲೆ ಇದ್ದದ್ದು ಹಾಡಿದ ಜಾಕಿ ಬ್ರೆನ್‌ಸ್ಟನ್ ಹೆಸರು, ಜೊತೆಗೆ ‘ಡೆಲ್ಟಾ ಕ್ಯಾಟ್ಸ್’ ಎಂಬ ಇಲ್ಲದ ತಂಡದ ಹೆಸರು. ಪಿಯಾನೋ ನುಡಿಸಿ ತಂಡ ಕಟ್ಟಿದ ಟರ್ನರ್ ಹೆಸರು ದೊಡ್ಡದಾಗಿ ಬರಲಿಲ್ಲ. ಇದು ನನಗೆ ಇಂದಿಗೂ ಅನ್ಯಾಯವೆನಿಸುತ್ತದೆ.

ಮತ್ತೆ ಕೇಳುವಾಗ ದನಿಯನ್ನು ಬಿಟ್ಟು ಕೆಳಗಿನ ಗಿಟಾರನ್ನಷ್ಟೇ ಹಿಂಬಾಲಿಸಿ. ಅದು ಒಂದೇ ವರಸೆ ತಿರುಗಿಸುತ್ತಿರುತ್ತದೆ. ಆಮೇಲೆ ರೇಮಂಡ್ ಹಿಲ್‌ನ ಸ್ಯಾಕ್ಸೋಫೋನ್ ನುಗ್ಗಿ ಬರುವುದನ್ನು ಕೇಳಿ.