ಒಣಮಣ್ಣಿನ ಸಿಲಿಯೇಟ್‌ಗಳು: ಲೇಖಕರೊಬ್ಬರಿಗೆ ಸಂಪಾದಕರ ಉತ್ತರ

ಮಾನ್ಯರೆ,

ಒಣಮಣ್ಣಿನಲ್ಲಿ ಬದುಕುವ ಸಿಲಿಯೇಟ್‌ಗಳನ್ನು, ಅಂದರೆ ಕೂದಲಿನಂಥ ಲೋಮಾಂಗಗಳಿಂದ ಈಜುವ ಏಕಕೋಶೀಯ ಜೀವಿಗಳನ್ನು, ಕುರಿತ ನಿಮ್ಮ ಲೇಖನವನ್ನು ಗಮನವಿಟ್ಟು ಓದಿದ್ದೇನೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾಗದು. ಆದರೆ ಪ್ರಕಟಿಸಲೇಬೇಕಾದ ಬರಹವೊಂದು ಅದರೊಳಗಿದೆ ಎಂದು ಮನಗಂಡಿರುವುದರಿಂದ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಸೂಕ್ಷ್ಮಜೀವಿಗಳನ್ನು ಕೊಂಡಾಡುವ ಆರಂಭದ ಪುಟಗಳನ್ನು ಕೈಬಿಡಿ. ಒಣಮಣ್ಣಿಗೆ ನೀರು ಹಾಕಿ, ಮರುದಿನ ಸೂಕ್ಷ್ಮದರ್ಶಕದಲ್ಲಿ ಮೂತ್ರಪಿಂಡದ ಆಕಾರದ ಜೀವಿಗಳನ್ನು ನೀವು ಕಂಡಲ್ಲಿಂದ ಲೇಖನ ಶುರುವಾಗಲಿ. ನನ್ನ ಮುಖ್ಯ ಆಕ್ಷೇಪಣೆಯೂ ಅಲ್ಲಿಯೇ ಇದೆ: ಕಂಡದ್ದನ್ನು ವರ್ಣಿಸುವ ಮೊದಲೇ ಅದನ್ನು ‘ಕಾಲ್ಪೋಡಾ ಕುಕ್ಯುಲಸ್’ ಎಂದು ಹೆಸರಿಸಿಬಿಟ್ಟಿದ್ದೀರಿ. ಆ ಆಕಾರ ಕಾಲ್ಪೋಡಾ ಕುಲದ ಅನೇಕ ಪ್ರಭೇದಗಳಿಗೆ ಸಮಾನವಾದುದು. ದೇಹದ ಉದ್ದ, ಲೋಮಾಂಗಗಳ ಸಾಲುಗಳ ಸಂಖ್ಯೆ, ಬಾಯಿ ಇರುವ ಜಾಗ, ಎರಡು ಬಗೆಯ ಕೋಶಕೇಂದ್ರಗಳಲ್ಲಿ ದೊಡ್ಡದರ ರೂಪ, ಹೆಚ್ಚಾದ ನೀರನ್ನು ಹೊರಹಾಕುವ ಸಂಕೋಚನಶೀಲ ರಸದಾನಿಯ ನೆಲೆ, ಇವುಗಳಲ್ಲಿ ಒಂದನ್ನೂ ನೀವು ದಾಖಲಿಸಿಲ್ಲ. ಆಹಾರ ಸಿಕ್ಕಷ್ಟೂ ಕೋಶ ಉಬ್ಬುತ್ತದೆ, ಹಸಿದರೆ ಕುಗ್ಗುತ್ತದೆ. ಆದ್ದರಿಂದ ಒಂದೇ ಕೋಶದ ಅಳತೆಯೂ ಸಾಲದು, ಹಲವು ಕೋಶಗಳನ್ನು ಅಳೆದು ಕನಿಷ್ಠ ಮತ್ತು ಗರಿಷ್ಠ ಎರಡನ್ನೂ ಕೊಡಬೇಕು.

ಮೊದಲು ಜೀವಂತ ಕೋಶವನ್ನು ನೋಡಿ. ಈಜುವ ರೀತಿ, ರಸದಾನಿಯ ಮಿಡಿತ, ಹೊರಪದರದ ಕೆಳಗಿನ ಸೂಕ್ಷ್ಮ ಕಣಗಳ ಬಣ್ಣ ಇವೆಲ್ಲ ಕೋಶ ಸತ್ತೊಡನೆ ಕೈತಪ್ಪುತ್ತವೆ. ಆನಂತರವೇ ಪ್ರೋಟಾರ್ಗಾಲ್‌ನಂಥ ಬೆಳ್ಳಿಯ ಸಂಯುಕ್ತದಿಂದ ಬಣ್ಣ ಹಾಕಬೇಕು. ಬೆಳ್ಳಿ ಲೋಮಾಂಗಗಳ ಬುಡದಲ್ಲಿಯೂ ಕೋಶಕೇಂದ್ರದಲ್ಲಿಯೂ ಕೂತಾಗ, ಅಲ್ಲಿಯವರೆಗೆ ಮಸುಕಾಗಿದ್ದ ಸಾಲುಗಳನ್ನು ಒಂದೊಂದಾಗಿ ಎಣಿಸಬಹುದು. ಈ ಎಚ್ಚರಿಕೆ ಅನಗತ್ಯವೆನಿಸಿದರೆ ಗ್ರಾಸ್‌ಗ್ಲಾಕ್ನೇರಿಯಾವನ್ನು ನೆನೆಯಿರಿ. ಅದೂ ಕಾಲ್ಪೋಡಾದ ವರ್ಗಕ್ಕೇ ಸೇರಿದ್ದು, ಆದರೆ ಅದರ ಬಾಯಲ್ಲಿ ಅತಿ ಸಣ್ಣ ಕೊಳವೆಯೊಂದಿದೆ. ಶಿಲೀಂಧ್ರದ ದಾರದಂಥ ಎಳೆಗಳ ಗೋಡೆಯನ್ನು ಅದರಿಂದ ಕೊರೆದು ಒಳಗಿನ ರಸವನ್ನು ಹೀರುತ್ತದೆ. ಆ ಕೊಳವೆಯನ್ನು ಗಮನಿಸದವರು ಶಿಲೀಂಧ್ರ ತಿನ್ನುವ ಜೀವಿಯನ್ನು ಬ್ಯಾಕ್ಟೀರಿಯಾ ತಿನ್ನುವ ಕಾಲ್ಪೋಡಾ ಎಂದು ಬರೆದುಬಿಡುವ ಅಪಾಯವಿದೆ.

‘ಈ ಮಣ್ಣಿನಲ್ಲಿ ಒಂದೇ ಬಗೆಯ ಸಿಲಿಯೇಟ್ ಇದೆ’ ಎಂಬ ನಿಮ್ಮ ತೀರ್ಮಾನವನ್ನು ನಾನು ಒಪ್ಪಲಾರೆ. ಒಂದೇ ದಿನ ನೋಡಿದರೆ ಸಿಸ್ಟ್‌ನಿಂದ (ಒಣಗಿದಾಗ ಕೋಶ ತನ್ನ ಸುತ್ತ ಕಟ್ಟಿಕೊಳ್ಳುವ ಕವಚದಿಂದ) ಬೇಗ ಹೊರಬರುವ ಕಾಲ್ಪೋಡಾಗಳೇ ಕಾಣುವುದು ಸಹಜ. ಆಸ್ಟ್ರಿಯಾದ ವಿಜ್ಞಾನಿ ವಿಲ್ಹೆಲ್ಮ್ ಫೋಯ್ಸ್‌ನರ್ ಬಳಕೆಗೆ ತಂದ ಕ್ರಮದಲ್ಲಿ, ಒಣಗಿಸಿದ ಮಣ್ಣನ್ನು ಪೆಟ್ರಿ ತಟ್ಟೆಯಲ್ಲಿ ಹರಡಿ, ಅದು ಮುಳುಗದಂತೆ ಪೂರ್ತಿ ನೆನೆಯುವಷ್ಟೇ ಶುದ್ಧ ನೀರು ಹಾಕಿ, ತಟ್ಟೆಯನ್ನು ಓರೆ ಮಾಡಿದಾಗ ಬಸಿದುಬರುವ ನೀರನ್ನು ಸುಮಾರು 2, 7, 14, 21 ಮತ್ತು 28ನೆಯ ದಿನಗಳಲ್ಲಿ ಪರೀಕ್ಷಿಸುತ್ತಾರೆ. ನಮೀಬಿಯಾದ ಮರುಭೂಮಿಯೂ ಸೇರಿದಂತೆ ಅಲ್ಲಿನ ಮಣ್ಣುಗಳನ್ನು ಹೀಗೆ ಪರೀಕ್ಷಿಸಿ ಅವರೂ ಅವರ ಸಹೋದ್ಯೋಗಿಗಳೂ 2002ರಲ್ಲಿ ನೂರಕ್ಕೂ ಹೆಚ್ಚು ಹೊಸ ಪ್ರಭೇದಗಳನ್ನು ವಿವರಿಸಿದರು.

ವರ್ಗೀಕರಣದ ಭಾಗವನ್ನು ಎಲ್ಲಿಂದಲೋ ಎತ್ತಿ ತಂದ ಪಟ್ಟಿಯಾಗಿಸಿದ್ದೀರಿ. ಬರ್ಸೇರಿಯಾ ಎಂಬ ಸಿಹಿನೀರಿನ ದೊಡ್ಡ ಸಿಲಿಯೇಟನ್ನು ಹಿಂದೆ ಬಾಯಿಯ ರಚನೆ ನೋಡಿ ಸ್ಟೆಂಟರ್ ಎಂಬ ಕಹಳೆಯಾಕಾರದ ಸಿಲಿಯೇಟ್‌ನ ಬಳಗದಲ್ಲಿ ಇಟ್ಟಿದ್ದರು; ಲೋಮಾಂಗಗಳ ಬುಡದ ನಾರುಗಳ ಜೋಡಣೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಸ್ಪಷ್ಟವಾದ ಮೇಲೆ ಅದು ಪುಟ್ಟ ಕಾಲ್ಪೋಡಾದ ವರ್ಗಕ್ಕೆ ಬಂತು. ಇಂಥ ಒಂದು ಉದಾಹರಣೆಯನ್ನು ಬಿಡಿಸಿ ಹೇಳಿದರೆ ಪಟ್ಟಿಯೇ ಬೇಕಿಲ್ಲ.

ನಿಮ್ಮ ಲೇಖನದಲ್ಲಿ ನಾನು ಬಹಳ ಮೆಚ್ಚಿದ್ದು, ಮೂರೇ ಸಾಲಿನಲ್ಲಿ ಮುಗಿಸಿರುವ ಸಂಗತಿ: ಕೋಶವೊಂದು ದುಂಡಗಾಗಿ, ವಿಭಜನೆಗೆಂದು ಕಟ್ಟಿಕೊಂಡ ತೆಳುವಾದ ಸಿಸ್ಟ್‌ನೊಳಗೆ ತಿರುಗುತ್ತ ತಿರುಗುತ್ತಲೇ ಎರಡಾಗಿ, ನಾಲ್ಕಾಗಿ, ಕೊನೆಗೆ ಪೊರೆ ಹರಿದು ನಾಲ್ಕು ಮರಿಗಳು ಈಜಿಹೋದದ್ದು. ಇದನ್ನು ಒಂದು ಪುಟಕ್ಕೆ ಹಿಗ್ಗಿಸಿ. ಹಳೆಯ ಬಾಯಿ ಕರಗಿ ಪ್ರತಿ ಮರಿಗೂ ಹೊಸ ಬಾಯಿ ಮೂಡುವ ಹಂತವನ್ನು ನೀವು ಕಂಡಿದ್ದರೆ ಅದನ್ನೂ, ತಗುಲಿದ ಸಮಯವನ್ನೂ ಬರೆಯಿರಿ. ಕೈಯಿಂದ ಬಿಡಿಸಿದ ಚಿತ್ರಗಳು ಜೊತೆಗಿರಲಿ, ಅಳತೆಯ ಗೆರೆ ತಪ್ಪದಿರಲಿ.

ಬೆಳ್ಳಿಯ ಬಣ್ಣ ಹಾಕುವ ಅನುಕೂಲ ನಿಮಗಿಲ್ಲದಿದ್ದರೆ ‘ಕಾಲ್ಪೋಡಾ, ಪ್ರಭೇದ ಖಚಿತವಾಗಿಲ್ಲ’ ಎಂದೇ ಬರೆದು ಕಳುಹಿಸಿ. ಹಾಗೆಯೇ ಅಚ್ಚು ಮಾಡುತ್ತೇನೆ.

ವಿಶ್ವಾಸದಿಂದ,
ಸಂಪಾದಕ