ಬೊಂಜೂರ್ ಮೊದಲು, ಬ್ರೆಡ್ಡು ಆಮೇಲೆ

ಈ ಸಲ ಬಂದ ಪತ್ರಗಳಲ್ಲಿ ಫ್ರಾನ್ಸಿನದ್ದೇ ಜಾಸ್ತಿ. ಕಾರವಾರ, ಕುಮಟಾ, ಶಿರಸಿ ಕಡೆಯ ಎಷ್ಟೊಂದು ಮನೆಗಳ ಮಕ್ಕಳು ಅಲ್ಲಿದ್ದಾರೆ ಅಂತ ಈಗ ಗೊತ್ತಾಯಿತು. ನಾನೂ ಮದುವೆಯಾಗಿ ಲಿಯೋನಿಗೆ ಹೋದವಳು. ಇಬ್ಬರು ಮಕ್ಕಳನ್ನು ಅಲ್ಲೇ ಬೆಳೆಸಿ ಈಗ ಶಿರಸಿಗೆ ಬಂದು ನೆಲೆಸಿದ್ದೇನೆ. ಹಾಗಾಗಿ ಸಂಪಾದಕರು ಪತ್ರಗಳನ್ನು ನನಗೆ ಕೊಟ್ಟಿದ್ದಾರೆ. ಕೆಲವಕ್ಕೆ ಉದ್ದ ಉತ್ತರ ಬೇಕು, ಕೆಲವಕ್ಕೆ ನಾಲ್ಕು ಮಾತು ಸಾಕು.

ಅಕ್ಕಾ, ನಾನು ಕುಮಟಾದವಳು. ಗಂಡನ ಕೆಲಸದ ಸಲುವಾಗಿ ನಾಂತ್ ಊರಿಗೆ ಬಂದಿದ್ದೇನೆ. ಅಂಗಡಿಯಲ್ಲಿ ನಗುತ್ತಾ ಕೇಳಿದರೂ ಮುಖ ಗಂಟು ಹಾಕಿಕೊಂಡೇ ಕೊಡುತ್ತಾರೆ. ಬಣ್ಣ ನೋಡಿ ಹೀಗೆ ಮಾಡ್ತಾರಾ? ಮನೆಯಿಂದ ಹೊರಗೆ ಹೋಗುವುದೇ ಬೇಡ ಅನ್ನಿಸಿಬಿಟ್ಟಿದೆ.

ತಂಗೀ, ಮೊದಲು ಒಂದು ಮಾತು ಹೇಳು. ಅಂಗಡಿಯೊಳಗೆ ಕಾಲಿಟ್ಟ ಕೂಡಲೇ ಬೊಂಜೂರ್, ಅಂದರೆ ಅವರ ನಮಸ್ಕಾರ, ಅನ್ನುತ್ತೀಯಾ?

ಯಾಕೆ ಕೇಳಿದೆ ಅಂದರೆ, ನಮ್ಮ ಕಡೆ ಮಾತು ಶುರುವಾಗುವುದೇ ವಿಷಯದಿಂದ. ಕುಮಟಾ ಪೇಟೆಯಲ್ಲಿ ಮೀನಿನವಳ ಬುಟ್ಟಿ ಮುಂದೆ ನಿಂತು "ಬಂಗಡೆ ಹೆಂಗೆ ಕೊಟ್ಯೇ?" ಅಂದರೆ ಅದೇ ನಮಸ್ಕಾರ, ಅದೇ ವ್ಯಾಪಾರ. ಅವಳಿಗೂ ಬೇಜಾರಿಲ್ಲ, ನಮಗೂ ಇಲ್ಲ. ಫ್ರಾನ್ಸಿನಲ್ಲಿ ಬೊಂಜೂರ್ ಅನ್ನದೆ "ಒಂದು ಬ್ರೆಡ್ ಕೊಡಿ" ಅಂದರೆ, ಪರರ ಮನೆಗೆ ಹೋಗಿ ಜಗಲಿಯಲ್ಲಿ ನಿಂತು ಕರೆಯದೆ ಸೀದಾ ಅಡುಗೆಮನೆಗೆ ನುಗ್ಗಿದ ಹಾಗೆ. ನೀನು ಎಷ್ಟೇ ನಕ್ಕರೂ ಅವರಿಗೆ ಅದು ಕಾಣಿಸುವುದಿಲ್ಲ. ಇನ್ನೊಂದು, ಪರಿಚಯವಿಲ್ಲದವರು ಸುಮ್ನೆ ನಕ್ಕರೆ ಅಲ್ಲಿಯವರಿಗೆ ಯಾಕೆ ಅಂತಲೇ ಅರ್ಥವಾಗುವುದಿಲ್ಲ. ನಗು ಆಮೇಲೆ ಬಂದರೂ ಆಯಿತು, ಬೊಂಜೂರ್ ಮೊದಲು ಬರಬೇಕು.

ನಾಳೆ ಬೆಳಿಗ್ಗೆ ಬ್ರೆಡ್ ಅಂಗಡಿಯ ಸಾಲಿನಲ್ಲಿ ಕೊನೆಗೆ ನಿಂತು ಸ್ವಲ್ಪ ಹೊತ್ತು ನೋಡು. ಬಾಗಿಲು ತಳ್ಳಿಕೊಂಡು ಒಬ್ಬ ಅಜ್ಜ ಬರುತ್ತಾನೆ, ಸಾಲಿನಲ್ಲಿದ್ದವರಿಗೆಲ್ಲ ಸೇರಿಸಿ "ಬೊಂಜೂರ್ ಮೆಸ್ಯೂ ದಾಮ್" ಅನ್ನುತ್ತಾನೆ. ಯಾರಿಗೂ ಅವನ ಪರಿಚಯ ಇರಲಿಕ್ಕಿಲ್ಲ, ಆದರೂ ನಾಲ್ಕು ಜನ ತಲೆ ಎತ್ತಿ ಉತ್ತರ ಕೊಡುತ್ತಾರೆ. ಅವನ ಸರದಿ ಬಂದಾಗ ಅಂಗಡಿಯವಳು ಮತ್ತೆ ಬೊಂಜೂರ್ ಅನ್ನುತ್ತಾಳೆ, ಅವನೂ ಅನ್ನುತ್ತಾನೆ. ಆಮೇಲೆ ಬ್ರೆಡ್ಡಿನ ಮಾತು, ಕೊನೆಗೆ "ಸಿಲ್ ವು ಪ್ಲೇ", ಅಂದರೆ ದಯವಿಟ್ಟು. ದುಡ್ಡು ಕೊಟ್ಟ ಮೇಲೆ "ಮೆರ್ಸಿ, ಬಾನ್ ಜೂರ್ನೇ, ಓ ರವ್ವಾರ್", ಅಂದರೆ ಧನ್ಯವಾದ, ದಿನ ಚೆನ್ನಾಗಿರಲಿ, ಬರ್ತೇನೆ. ಇಷ್ಟೂ ಆಗುವುದಕ್ಕೆ ಅರ್ಧ ನಿಮಿಷ ಸಾಕು. ಆದರೆ ಇದರಲ್ಲಿ ಒಂದು ತುಂಡನ್ನೂ ಯಾರೂ ಬಿಡುವುದಿಲ್ಲ, ಎಷ್ಟೇ ಅವಸರ ಇರಲಿ.

ಬಸ್ ಹತ್ತುವಾಗ ಡ್ರೈವರಿಗೆ, ಲಿಫ್ಟಿನಲ್ಲಿ ಪಕ್ಕದವರಿಗೆ, ಡಾಕ್ಟರ ಹತ್ತಿರ ಹೋದರೆ ಹೊರಗೆ ಕಾಯುತ್ತಾ ಕೂತವರಿಗೆಲ್ಲ ಸೇರಿಸಿ, ಸರ್ಕಾರಿ ಕಚೇರಿಯ ಕಿಟಕಿಯಲ್ಲಿ ಕಾಗದ ಚಾಚುವ ಮೊದಲು, ಎಲ್ಲ ಕಡೆ ಇದೇ. ಕಚೇರಿಯಲ್ಲಂತೂ ಕೆಲಸ ಆಗುವುದು ಬಿಡುವುದು ಎಷ್ಟೋ ಸಲ ಇದರ ಮೇಲೆ ನಿಂತಿರುತ್ತದೆ. ಜೊತೆಗೆ ಹೆಂಗಸಿಗೆ "ಮದಾಮ್", ಗಂಡಸಿಗೆ "ಮೆಸ್ಯೂ" ಸೇರಿಸಿದರೆ ಇನ್ನೂ ಒಳ್ಳೆಯದು. ಸಂಜೆ ಆರರ ಮೇಲೆ ಬೊಂಜೂರ್ ಬದಲು ಬೊಂಸ್ವಾರ್, ಸಂಜೆಯ ನಮಸ್ಕಾರ. ಒಂದೇ ದಿನ ಅದೇ ಮನುಷ್ಯನಿಗೆ ಎರಡನೇ ಸಲ ಬೊಂಜೂರ್ ಅನ್ನಬೇಡ, ಬೆಳಿಗ್ಗೆ ಸಿಕ್ಕಿದ್ದು ಮರೆತುಹೋಯಿತಾ ಅಂದುಕೊಳ್ಳುತ್ತಾರೆ. ಮತ್ತೆ ಸಿಕ್ಕರೆ ತಲೆ ಆಡಿಸಿದರೆ ಸಾಕು.

ಬಣ್ಣ ನೋಡಿ ಮಾತಾಡುವವರು ಇಲ್ಲವೇ ಇಲ್ಲ ಅಂತ ನಾನು ಹೇಳುವುದಿಲ್ಲ, ಇದ್ದಾರೆ, ಅದರ ನೋವೂ ನನಗೆ ಗೊತ್ತು. ಆದರೆ ಹಾಗಂತ ತೀರ್ಮಾನ ಮಾಡಿ ಬಾಗಿಲು ಹಾಕಿಕೊಳ್ಳುವ ಮೊದಲು ಎರಡು ವಾರ ಹೀಗೆ ಮಾಡಿ ನೋಡು. ಗಟ್ಟಿಯಾಗಿ ಹೇಳು, ಗುಣುಗುಣು ಅಂದರೆ ಕೇಳಿಸುವುದಿಲ್ಲ. ನಿನ್ನ ಅಂಗಡಿಯವಳೇ ಒಂದು ದಿನ ಮೊದಲು ಮಾತಾಡಿಸುತ್ತಾಳೆ ಅನ್ನುವ ಧೈರ್ಯ ನನಗಿದೆ.

ನಮ್ಮದು ಕಾರವಾರ. ಮಗಳು ಫ್ರೆಂಚ್ ಹುಡುಗನನ್ನು ಮದುವೆಯಾಗಿದ್ದಾಳೆ. ಬರುವ ತಿಂಗಳು ಮೊದಲ ಸಲ ಬೀಗರ ಮನೆಗೆ ಹೋಗುತ್ತಿದ್ದೇವೆ. ಅಲ್ಲಿ ಕೆನ್ನೆಗೆ ಮುತ್ತು ಕೊಟ್ಟು ಮಾತಾಡಿಸುತ್ತಾರಂತೆ. ಬೀಗಿತ್ತಿ ಆದರೆ ಅಡ್ಡಿಲ್ಲ, ಬೀಗರೂ ಹಾಗೇ ಬಂದರೆ ನಾನೇನು ಮಾಡಲಿ?

ನಿಮ್ಮ ಚಿಂತೆ ಅರ್ಥವಾಗುತ್ತದೆ ಅಕ್ಕಾ. ಅದಕ್ಕೆ ಲಾ ಬೀಝ್ ಅಂತಾರೆ. ನಿಜಕ್ಕೂ ಮುತ್ತಲ್ಲ, ಕೆನ್ನೆಗೆ ಕೆನ್ನೆ ತಾಗಿಸಿ ಬಾಯಲ್ಲಿ ಸದ್ದು ಮಾಡುವುದು ಅಷ್ಟೇ. ಪ್ಯಾರಿಸ್ಸಿನಲ್ಲಿ ಎರಡು, ದಕ್ಷಿಣದ ಮೋಂಪೆಲಿಯೆ ಕಡೆ ಮೂರು, ಲುವಾರ್ ನದಿಯ ಕಡೆಯ ಕೆಲವು ಊರುಗಳಲ್ಲಿ ನಾಲ್ಕೂ ಉಂಟು. ಎಷ್ಟು ಅಂತ ಅವರವರಲ್ಲೇ ಗೊಂದಲ ಆಗುತ್ತದೆ. ಕೊರೊನಾ ಬಂದ ಮೇಲೆ ಬಿಟ್ಟವರು ಎಷ್ಟೋ ಜನ ಮತ್ತೆ ಶುರುಮಾಡಿಲ್ಲ.

ನೀವು ಮಾಡಬೇಕಾದದ್ದು ಸುಲಭ. ಅವರು ಹತ್ತಿರ ಬರುವ ಮೊದಲೇ, ಎರಡು ಮಾರು ದೂರ ಇದ್ದಾಗಲೇ, ಕೈ ಜೋಡಿಸಿ ನಮಸ್ಕಾರ ಅನ್ನಿ, ಜೊತೆಗೆ ಬೊಂಜೂರ್ ಸೇರಿಸಿ. ಹತ್ತಿರ ಬಂದ ಮೇಲೆ ಹಿಂದೆ ಸರಿದರೆ ಅವರಿಗೆ ಅವಮಾನ ಆದ ಹಾಗಾಗುತ್ತದೆ. ಮೊದಲೇ ಕೈ ಜೋಡಿಸಿದರೆ ಅವರೂ ಕೈ ಜೋಡಿಸುತ್ತಾರೆ, ಖುಷಿಯಿಂದಲೇ. ಮಗಳಿಗೂ ಹೇಳಿಡಿ, ಅತ್ತೆ ಮಾವನಿಗೆ ಅವಳು ಮುಂಚೆಯೇ ತಿಳಿಸಲಿ. ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.

ಊಟಕ್ಕೆ ಕರೆದರೆ ಹೇಳಿದ ಹೊತ್ತಿಗೆ ಮುಂಚೆ ಹೋಗಬೇಡಿ, ಹತ್ತು ಹದಿನೈದು ನಿಮಿಷ ತಡವಾದರೇ ಅವರಿಗೆ ಅನುಕೂಲ. ಹೂ ಒಯ್ಯುವುದು ಒಳ್ಳೆಯದು, ಆದರೆ ಸೇವಂತಿಗೆ ಮಾತ್ರ ಬೇಡವೇ ಬೇಡ. ನಮಗೆ ಅದು ದೇವರ ತಲೆಯ ಮೇಲಿನ ಹೂ, ಅಲ್ಲಿ ನವೆಂಬರ್ 1ರ ಹೊತ್ತಿಗೆ ಸಮಾಧಿಗಳ ಮೇಲೆ ಇಡುವ ಹೂ. ಮಾತಿನಲ್ಲಿ ನಮ್ಮ ಹಾಗೇ ನೀನು, ನೀವು ಎರಡೂ ಉಂಟು. ನೀವು ಅಂದರೆ "ವು", ನೀನು ಅಂದರೆ "ತು". ಬೀಗರು ತಾವಾಗಿ "ತು" ಅನ್ನೋಣ ಅನ್ನುವವರೆಗೆ "ವು" ಇರಲಿ. ಈ ವಿಷಯದಲ್ಲಿ ಕಾರವಾರದವರಿಗೆ ಪಾಠ ಬೇಡ ಬಿಡಿ.

ಸೊಸೆಗೆ ಲಿಯೋನಿನಲ್ಲಿ ಹೆರಿಗೆ. ಬಾಣಂತನಕ್ಕೆ ನಾನು ಹೋಗುವುದು ಅಂತ ಆಗಿದೆ. ಹೆರಿಗೆಗೆ ಒಂದು ತಿಂಗಳು ಮುಂಚೆ ಹೋಗಲಾ? ಹೆಸರಿಡುವ ಶಾಸ್ತ್ರ ಅಲ್ಲೇ ಮಾಡಬಹುದಾ? — ಹೊನ್ನಾವರದ ಅತ್ತೆ

ಹೆಸರಿನ ವಿಷಯ ಮೊದಲು ಹೇಳುತ್ತೇನೆ, ಯಾಕೆಂದರೆ ಅಲ್ಲೇ ಎಡವಟ್ಟಾಗುವುದು. ನಮ್ಮಲ್ಲಿ 11ಕ್ಕೋ 12ಕ್ಕೋ ತೊಟ್ಟಿಲಿಗೆ ಹಾಕಿ ಹೆಸರಿಡುತ್ತೇವೆ, ಅಲ್ಲಿಯವರೆಗೆ ಕೂಸು, ಮಾಣಿ ಅಂತ ಕರೆದರಾಯಿತು. ಫ್ರಾನ್ಸಿನಲ್ಲಿ ಮಗು ಹುಟ್ಟಿದ 5 ದಿನದೊಳಗೆ ಪುರಸಭೆಗೆ ಹೋಗಿ ಹೆಸರು ಸಮೇತ ಬರೆಸಬೇಕು. ಹುಟ್ಟಿದ ದಿನ ಲೆಕ್ಕಕ್ಕಿಲ್ಲ. ಗಡುವು ದಾಟಿತೋ, ಕೋರ್ಟಿಗೆ ಅಲೆಯಬೇಕು. ಹಾಗಾಗಿ ಭಟ್ಟರ ಹತ್ತಿರ ನಕ್ಷತ್ರದ ಅಕ್ಷರ ಕೇಳುವುದಿದ್ದರೆ ಮಗು ಹುಟ್ಟಿದ ದಿನವೇ ಫೋನ್ ಮಾಡಿ ಕೇಳಿ. ಗಂಡಿಗೊಂದು ಹೆಣ್ಣಿಗೊಂದು ಹೆಸರು ಮೊದಲೇ ನೋಡಿಟ್ಟುಕೊಳ್ಳಿ, ಫ್ರೆಂಚ್ ಅಕ್ಷರದಲ್ಲಿ ಹೇಗೆ ಬರೆಯುವುದು ಅಂತಲೂ. ಶಾಸ್ತ್ರವನ್ನು 12ನೇ ದಿನ ಮನೆಯಲ್ಲಿ ಧಾರಾಳವಾಗಿ ಮಾಡಿ, ಕಿವಿಯಲ್ಲಿ ಹೆಸರು ಹೇಳಿ, ಅದಕ್ಕೆ ಯಾರ ಅಡ್ಡಿಯೂ ಇಲ್ಲ. ಅಪ್ಪ ಅಮ್ಮ ಇಬ್ಬರೂ ಭಾರತದ ಪ್ರಜೆಗಳಾದರೆ ವರ್ಷದೊಳಗೆ ಪ್ಯಾರಿಸ್ಸಿನ ನಮ್ಮ ರಾಯಭಾರ ಕಚೇರಿಯಲ್ಲೂ ಜನನ ನೋಂದಣಿ ಆಗಬೇಕು. ಅಲ್ಲಿ ಹುಟ್ಟಿದ ಮಾತ್ರಕ್ಕೆ ಮಗು ಫ್ರೆಂಚ್ ಪ್ರಜೆ ಆಗುವುದಿಲ್ಲ.

ಈಗ ಯಾವಾಗ ಹೋಗುವುದು ಅನ್ನುವುದು. ನಿಮಗೆ ಸಿಗುವ ಅಲ್ಪಾವಧಿಯ ವೀಸಾದಲ್ಲಿ ಯಾವುದೇ 180 ದಿನದಲ್ಲಿ ಜಾಸ್ತಿ ಅಂದರೆ 90 ದಿನ ಇರಬಹುದು. ಒಂದು ತಿಂಗಳು ಮುಂಚೆ ಹೋದರೆ ಮೂರರಲ್ಲಿ ಒಂದು ಪಾಲು ಅಲ್ಲೇ ಹೋಯಿತು. ಮಗ ನೌಕರಿಯಲ್ಲಿದ್ದರೆ ಅಪ್ಪನಾದವನಿಗೂ ರಜೆ ಉಂಟು, 2021ರ ಜುಲೈನಿಂದ ಒಟ್ಟು 28 ದಿನ, ಅದರಲ್ಲಿ 7 ದಿನ ಹೆರಿಗೆಯಾದ ಕೂಡಲೇ ತೆಗೆದುಕೊಳ್ಳಲೇಬೇಕು. ಆಸ್ಪತ್ರೆಯಿಂದ ಬಂದ ಮೇಲೆ ಸೂಲಗಿತ್ತಿ ನರ್ಸ್ ಮನೆಗೇ ಬಂದು ತಾಯಿ ಮಗುವನ್ನು ನೋಡುತ್ತಾಳೆ. ನನ್ನ ಕೇಳಿದರೆ ಹೆರಿಗೆ ಹೊತ್ತಿಗೆ ಅಥವಾ ಅದಾದ ವಾರಕ್ಕೆ ನೀವು ತಲುಪಿದರೆ ಸರಿ. ಸೊಸೆಗೆ ನಿಜವಾಗಿ ಕೈ ಬೇಕಾಗುವುದು ಮಗನ ರಜೆ ಮುಗಿದು ಅವಳೊಬ್ಬಳೇ ಮನೆಯಲ್ಲಿ ಉಳಿದಾಗ. ನಿಮ್ಮ ದಿನಗಳನ್ನು ಅದಕ್ಕೆ ಉಳಿಸಿಕೊಳ್ಳಿ. ವೀಸಾಕ್ಕಾಗಿ ಮಗ ಅಲ್ಲಿನ ಪುರಸಭೆಯಿಂದ ನಿಮ್ಮನ್ನು ತನ್ನ ಮನೆಯಲ್ಲಿ ಇಟ್ಟುಕೊಳ್ಳುವ ಪತ್ರ ಮಾಡಿಸಿ ಅಸಲನ್ನೇ ಕಳಿಸಬೇಕು. 30,000 ಯೂರೋ ಖರ್ಚು ಭರಿಸುವ ಪ್ರಯಾಣ ವಿಮೆಯೂ ಬೇಕು. ಇವೆರಡಕ್ಕೂ ದಿನ ಹಿಡಿಯುತ್ತದೆ, ಈಗಲೇ ಶುರು ಮಾಡಿ.

ಮಗುವಿಗೆ ಎಣ್ಣೆ ಹಚ್ಚಿ ಮೀಯಿಸಿ, ಬಾಣಂತಿಗೆ ಮೆಣಸಿನ ಸಾರು ಮಾಡಿ ಹಾಕಿ, ಯಾರು ಬೇಡ ಅಂತಾರೆ. ಆದರೆ ಮಿಂದ ಮೇಲೆ ಕೆಂಡದ ಮೇಲೆ ಸಾಂಬ್ರಾಣಿ ಹಾಕಿ ಹೊಗೆ ಕೊಡುವುದು ಅಲ್ಲಿ ಆಗುವುದಿಲ್ಲ. 2015ರಿಂದ ಎಲ್ಲ ಮನೆಯಲ್ಲೂ ಹೊಗೆ ಕಂಡರೆ ಕೂಗುವ ಯಂತ್ರ ಇರಲೇಬೇಕು, ಅದು ಕೂಗಿದರೆ ಇಡೀ ಬಿಲ್ಡಿಂಗ್ ಎದ್ದು ಕೂರುತ್ತದೆ. ಹೊಗೆ ಎಳೆಮಗುವಿನ ಎದೆಗೂ ಒಳ್ಳೆಯದಲ್ಲ. ಜೇನು ನೆಕ್ಕಿಸುವುದೂ ವರ್ಷ ತುಂಬುವವರೆಗೆ ಬೇಡ, ಇದನ್ನು ಇಲ್ಲಿನ ಡಾಕ್ಟರೂ ಹೇಳುತ್ತಾರೆ. ಬೆಳಿಗ್ಗೆ ಐದಕ್ಕೆ ಎದ್ದು ಮಿಕ್ಸಿ ತಿರುಗಿಸುವ ರೂಢಿ ಇದ್ದರೆ ಅದನ್ನೂ ಏಳರ ನಂತರಕ್ಕೆ ಹಾಕಿ, ರಾತ್ರಿ ಹತ್ತರಿಂದ ಬೆಳಿಗ್ಗೆ ಏಳರವರೆಗೆ ಪಕ್ಕದ ಮನೆಗೆ ಸದ್ದು ಕೇಳಬಾರದು. ಪಕ್ಕದ ಮನೆಯವರು ಮೆಟ್ಟಿಲಲ್ಲಿ ಸಿಕ್ಕಾಗ ನೀವೇ ಮೊದಲು ಬೊಂಜೂರ್ ಅನ್ನಿ. ಭಾಷೆ ಬಾರದಿದ್ದರೂ ಆ ಒಂದು ಮಾತಿನಿಂದ ಮಗ ಸೊಸೆಗೆ ನೀವು ಹೋದ ಮೇಲೂ ಉಪಕಾರ ಆಗುತ್ತದೆ.

ಅಂಕೋಲೆಯ ಅಜ್ಜ ನಾನು. ಮೊಮ್ಮಗನಿಗೆ ಐದು ವರ್ಷ, ತುಲೂಸಿನಲ್ಲಿದ್ದಾನೆ. ವಿಡಿಯೋ ಕಾಲಿನಲ್ಲಿ "ಬೊಂಜೂರ್ ಅಜ್ಜ" ಅಂತ ಹೇಳಿ ಓಡಿಹೋಗುತ್ತಾನೆ. ಕನ್ನಡ ಮರೆತೇಬಿಡುತ್ತಾನೇನೋ ಅಂತ ಸಂಕಟ.

ಅಜ್ಜಾ, ಮೊದಲು ಹೊತ್ತು ನೋಡಿ. ನೀವು ರಾತ್ರಿ ಊಟ ಮಾಡಿ, ಹತ್ತು ಗಂಟೆಗೆ ಆರಾಮಾಗಿ ಕೂತು ಫೋನ್ ಮಾಡುತ್ತೀರಿ ಅಂದುಕೊಳ್ಳಿ, ಅಲ್ಲಿ ಸಂಜೆ ಐದೂವರೆ ಆರೂವರೆ, ಹುಡುಗನಿಗೆ ಆಟದ ಹೊತ್ತು. ಮಾರ್ಚ್ ಕೊನೆಯ ಭಾನುವಾರದಿಂದ ಅಕ್ಟೋಬರ್ ಕೊನೆಯ ಭಾನುವಾರದವರೆಗೆ ಅವರು ನಮಗಿಂತ ಮೂರೂವರೆ ಗಂಟೆ ಹಿಂದೆ, ಉಳಿದ ತಿಂಗಳಲ್ಲಿ ನಾಲ್ಕೂವರೆ. ಅಲ್ಲಿ ಸಾಮಾನ್ಯವಾಗಿ ಸಂಜೆ ನಾಲ್ಕೂವರೆ ಸುಮಾರಿಗೆ ಶಾಲೆ ಬಿಡುತ್ತದೆ, ಮಕ್ಕಳು ಮನೆಗೆ ಬಂದು ಏನಾದರೂ ತಿನ್ನುತ್ತಾ ಕೂರುತ್ತಾರೆ. ಅದೇ ಒಳ್ಳೆಯ ಹೊತ್ತು. ಆಗ ಇಲ್ಲಿ ಮಾರ್ಚ್ ಕೊನೆಯಿಂದ ಅಕ್ಟೋಬರ್ ಕೊನೆಯವರೆಗೆ ರಾತ್ರಿ ಎಂಟೂಕಾಲು, ಉಳಿದ ತಿಂಗಳಲ್ಲಿ ಒಂಬತ್ತೂಕಾಲು. ಬುಧವಾರ ಎಷ್ಟೋ ಊರುಗಳಲ್ಲಿ ಶಾಲೆ ಇರುವುದಿಲ್ಲ, ಅಥವಾ ಅರ್ಧ ದಿನ. ಆ ದಿನ ಹಗಲಲ್ಲೇ ಮಾಡಿ.

ಆಮೇಲೆ ಮಾತು. "ಊಟ ಆಯ್ತಾ? ಶಾಲೆ ಹೇಗಿದೆ? ಯಾವಾಗ ಬರ್ತೆ?" ಇದನ್ನು ದೊಡ್ಡವರು ಕೇಳಿದರೆ ನಮಗೆ ಹಿತ, ಐದು ವರ್ಷದವನಿಗೆ ಪರೀಕ್ಷೆ. ಫೋನನ್ನು ನಿಮ್ಮ ಮುಖದಿಂದ ತಿರುಗಿಸಿ. ಬುಧವಾರ ಬೇಲೇಕೇರಿ ಬಂದರಿಗೆ ಹೋಗಿ ದೋಣಿ ತೋರಿಸಿ. ಬಲೆ ಕೊಡವುವಾಗ ಅಂಟಿಕೊಂಡ ಏಡಿ ಕೊಂಬು ಎತ್ತಿಕೊಂಡು ಅಡ್ಡಡ್ಡ ಓಡುತ್ತದಲ್ಲ, ಅದನ್ನು ತೋರಿಸಿ "ಇದೆಂತದು ಹೇಳು" ಅನ್ನಿ. ಅವನು ಓಡಿಹೋಗುವುದಿಲ್ಲ. ಫ್ರೆಂಚಿನಲ್ಲಿ ಹೇಳಿದರೆ ಹೇಳಲಿ, ನೀವು ಏಡಿ ಅನ್ನಿ, ಮುಂದಿನ ವಾರ ಅವನೂ ಏಡಿ ಅಂತಾನೆ. ತಿದ್ದಬೇಡಿ, ನಗಬೇಡಿ, ಬೇರೆಯವರ ಮುಂದೆ "ಒಂದು ಕನ್ನಡ ಮಾತಾಡು ನೋಡುವಾ" ಅಂತ ಒತ್ತಾಯ ಮಾಡಬೇಡಿ.

ಇನ್ನು ಬೊಂಜೂರ್ ಬಗ್ಗೆ ಬೇಜಾರು ಬೇಡ. ಅಲ್ಲಿ 2019ರಿಂದ ಮೂರು ವರ್ಷಕ್ಕೇ ಕಲಿಕೆ ಕಡ್ಡಾಯ, ಮಕ್ಕಳಿಗೆ ಮೊದಲು ಕಲಿಸುವುದೇ ಟೀಚರಿಗೆ ಬೊಂಜೂರ್ ಹೇಳುವುದನ್ನು. ಹುಡುಗ ನಿಮಗೆ ಅಲ್ಲಿಯ ಮರ್ಯಾದೆ ಕೊಡುತ್ತಿದ್ದಾನೆ. ನೀವೂ ಬೊಂಜೂರ್ ಅನ್ನಿ, ಹಿಂದೆಯೇ ನಿಮ್ಮ ಮಾತು ಹೇಳಿ. ಮನೆಯಲ್ಲಿ ಅಪ್ಪ ಅಮ್ಮ ಮಗನ ಹತ್ತಿರ ನಮ್ಮ ಭಾಷೆಯನ್ನೇ ಆಡುತ್ತಾರಾ ಅಂತ ಮಾತ್ರ ಕೇಳಿ. ಅವರು ಬಿಟ್ಟರೆ ಅಜ್ಜ ಒಬ್ಬನಿಂದ ಆಗುವುದಿಲ್ಲ. ಇದನ್ನು ಮಗನಿಗೆ ಖಡಾಖಂಡಿತ ಹೇಳಿ.

ನಾವು ಸಸ್ಯಾಹಾರಿಗಳು. ಮಗಳು ಶಾಲೆಯಲ್ಲಿ ಏನು ತಿನ್ನಬೇಕು? — ಶಿರಸಿ ಮೂಲದ ತಾಯಿ, ಗ್ರೆನೋಬ್ಲ್

ಶಾಲೆಯ ಊಟದಲ್ಲಿ ವಾರಕ್ಕೊಂದು ದಿನ ಸಸ್ಯಾಹಾರ ಇರಲೇಬೇಕು ಅಂತ ಕಾನೂನಿದೆ. ಎಷ್ಟೋ ಊರುಗಳಲ್ಲಿ ಮಾಂಸವಿಲ್ಲದ ಊಟ ದಿನವೂ ಸಿಗುತ್ತದೆ, ಆದರೆ ಮೀನು ಮೊಟ್ಟೆ ಇರಬಹುದು, ಬರೆದು ಕೇಳಿ. ಡಬ್ಬಿ ಕಟ್ಟಿ ಕಳಿಸಲು ಸಾಮಾನ್ಯವಾಗಿ ಬಿಡುವುದಿಲ್ಲ. ಮಧ್ಯಾಹ್ನದ ಬಿಡುವು ಕನಿಷ್ಠ ಒಂದೂವರೆ ಗಂಟೆ ಇರುತ್ತದೆ, ಮನೆ ಹತ್ತಿರ ಇದ್ದರೆ ಕರೆತಂದು ಅನ್ನ ಸಾರು ಹಾಕಿ ವಾಪಸ್ ಬಿಡಿ.

ಊರಿಂದ ಏನೇನು ಒಯ್ಯಬಹುದು? — ಯಲ್ಲಾಪುರ

ತೆಂಗಿನಕಾಯಿ ಒಯ್ಯಬಹುದು. ಹಣ್ಣು ತರಕಾರಿಗೆಲ್ಲ ರೋಗ ಕೀಟ ಇಲ್ಲ ಅನ್ನುವ ಸರ್ಟಿಫಿಕೇಟ್ ಬೇಕು, ಅದು ಬೇಡ ಅಂತ ಬಿಟ್ಟಿರುವ ನಾಲ್ಕೈದರಲ್ಲಿ ತೆಂಗಿನಕಾಯಿ, ಬಾಳೆಹಣ್ಣು, ಅನಾನಸ್ ಸೇರಿವೆ. ಕರಿಬೇವು, ಮಾವಿನಹಣ್ಣು ಬೇಡ. ತುಪ್ಪ, ಪೇಡೆ, ಹಾಲಿನದ್ದು ಏನೂ ಬೇಡ, ಮಾಂಸವೂ ಬೇಡ. ಜೇನು 2 ಕಿಲೋವರೆಗೆ ಅಡ್ಡಿಲ್ಲ. ಕರಾವಳಿಯವರಿಗೆ ಒಣಮೀನೂ ನಡೆಯುತ್ತದೆ, 20 ಕಿಲೋವರೆಗೆ, ಹುರಿಯುವಾಗ ಕಿಟಕಿ ತೆಗೆದಿಡಿ. ಅಪ್ಪೆಮಿಡಿ ಉಪ್ಪಿನಕಾಯಿಯನ್ನು ಗಾಜಿನ ಬಾಟಲಿಯಲ್ಲಿ ಹಾಕಬೇಡಿ, ಎರಡು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಬಟ್ಟೆಯ ನಡುವೆ ಇಡಿ. ಕರಿಬೇವು, ಉದ್ದಿನಬೇಳೆ ಪ್ಯಾರಿಸ್ಸಿನ ಲಾ ಶಾಪೆಲ್ ಕಡೆ ಶ್ರೀಲಂಕಾ ತಮಿಳರ ಅಂಗಡಿಗಳಲ್ಲಿ ಸಿಗುತ್ತವೆ. ಚೌತಿ ಆಸುಪಾಸಿನಲ್ಲಿ ಹೋದರೆ ಆ ಕಡೆಯ ವಿನಾಯಕ ದೇವಸ್ಥಾನದ ತೇರೂ ನೋಡಲು ಸಿಗಬಹುದು, ದಿನ ಮೊದಲೇ ವಿಚಾರಿಸಿಕೊಂಡು ಮಕ್ಕಳನ್ನೂ ಕರೆದುಕೊಂಡು ಹೋಗಿ.